ಉದ್ರಿ ಪುಸ್ತಕದ ಹಿಂದಿನ ಪುಟ: ಕೊನೆಯ ತೀರ್ಪನ್ನು ನಂಬುವವರು ಇವತ್ತೇ ಮಾಡಬಹುದಾದ ಕೆಲಸಗಳು

ನಮ್ಮಜ್ಜನಿಗೆ ಒಂದು ಸಣ್ಣ ಕಿರಾಣಿ ಅಂಗಡಿ ಇತ್ತು. ತಿಂಗಳ ಮೊದಲ ಭಾನುವಾರ ನಮ್ಮ ಚರ್ಚಿನಲ್ಲಿ ಪ್ರಭು ಭೋಜನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಆರಾಧನೆ. ಹಿಂದಿನ ದಿನ ರಾತ್ರಿ ಅಂಗಡಿಯ ಬಾಗಿಲು ಅರ್ಧ ಎಳೆದು ಅಜ್ಜ ಎರಡು ಕೆಲಸ ಮಾಡುತ್ತಿದ್ದರು.

ಮೊದಲನೆಯದು, ತೂಕದ ಬಟ್ಟುಗಳನ್ನು ಒಂದೊಂದಾಗಿ ಒರೆಸಿ, ಮಗುಚಿ ನೋಡುವುದು. ಕಬ್ಬಿಣದ ಬಟ್ಟಿನಲ್ಲಿ ಒಂದು ಸಣ್ಣ ತೂತು ಇರುತ್ತದೆ. ತೂಕ ಸರಿಹೋಗಲಿ ಅಂತ ಅದಕ್ಕೆ ಸೀಸ ತುಂಬಿ, ಮೇಲೆ ಸರ್ಕಾರದ ಮುದ್ರೆ ಒತ್ತಿರುತ್ತಾರೆ. ಆ ಸೀಸ ಉದುರಿದರೆ ಗಿರಾಕಿಗೆ ಸಕ್ಕರೆ ಕಮ್ಮಿ. ಎರಡನೆಯದು, ಉದ್ರಿ ಪುಸ್ತಕ ತೆಗೆಯುವುದು. ಮುಂದಿನಿಂದ ತೆಗೆದರೆ ನಮಗೆ ಯಾರ್‍ಯಾರು ಕೊಡಬೇಕು ಅನ್ನುವ ಲೆಕ್ಕ. ಅಜ್ಜ ಆ ರಾತ್ರಿ ಪುಸ್ತಕವನ್ನು ಹಿಂದಿನಿಂದ ತೆಗೆಯುತ್ತಿದ್ದರು. ಅಲ್ಲಿ ನಾವು ಕೊಡಬೇಕಾದವರ ಹೆಸರು ಇರುತ್ತಿತ್ತು. ಮೂಟೆ ಇಳಿಸಿದವನಿಗೆ ಇಷ್ಟು, ಬೆಲ್ಲದ ಗಾಡಿಯವನಿಗೆ ಇಷ್ಟು. ಚಿಲ್ಲರೆ ಎಣಿಸಿ ನನ್ನ ಕೈಗೆ ಕೊಟ್ಟು ಆಗಲೇ ಕಳಿಸುತ್ತಿದ್ದರು.

"ನಾಳೆ ಕೊಟ್ಟರೆ ಆಗಲ್ವಾ ಅಜ್ಜಾ?" ಅಂತ ಒಮ್ಮೆ ಕೇಳಿದ್ದೆ. "ನಾಳೆ ಬೆಳಿಗ್ಗೆ ನಾನು ರೊಟ್ಟಿ ತಗೋಬೇಕು ಮಗಾ" ಅಂದರು. ಅಷ್ಟೇ.

ಕೊನೆಯ ತೀರ್ಪಿನ ಬಗ್ಗೆ ಆಮೇಲೆ ಚರ್ಚಿನಲ್ಲಿ ಎಷ್ಟೋ ಉಪದೇಶ ಕೇಳಿದ್ದೇನೆ. ಅಜ್ಜ ಅರ್ಧ ಎಳೆದ ಬಾಗಿಲ ಹಿಂದೆ ಮಾಡುತ್ತಿದ್ದುದಕ್ಕಿಂತ ಒಳ್ಳೆಯ ತಯಾರಿ ನನಗೆ ಸಿಕ್ಕಿಲ್ಲ. ಅದನ್ನೇ ಇಲ್ಲಿ ಹೆಜ್ಜೆಹೆಜ್ಜೆಯಾಗಿ ಬರೆದಿದ್ದೇನೆ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದಲ್ಲೋ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲೋ ಶುರು ಮಾಡಿದರೆ ಅನುಕೂಲ. ಸುಮ್ನೆ ಒಂದು ಮಂಗಳವಾರ ಶುರು ಮಾಡಿದರೂ ನಡೆಯುತ್ತದೆ.

ಮೊದಲು, ನಂಬಿಕೆ ಏನು ಹೇಳುತ್ತದೆ

ಕ್ರಿ.ಶ. 325ರಲ್ಲಿ ನೈಸಿಯಾ ಪಟ್ಟಣದಲ್ಲಿ ಸಭೆ ಸೇರಿದ ಬಿಷಪ್ಪರು ಒಂದು ವಿಶ್ವಾಸ ಪ್ರಮಾಣ ಬರೆದರು. 381ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅದು ಇನ್ನಷ್ಟು ಬೆಳೆಯಿತು. ಬದುಕಿರುವವರಿಗೂ ಸತ್ತವರಿಗೂ ನ್ಯಾಯತೀರಿಸಲು ಕ್ರಿಸ್ತನು ಮತ್ತೆ ಬರುತ್ತಾನೆ ಎಂಬ ಮಾತು ಅದರಲ್ಲಿದೆ. ಕಥೋಲಿಕರು, ಆರ್ಥೊಡಾಕ್ಸ್‌ನವರು, ಪ್ರಾಟೆಸ್ಟಂಟರಲ್ಲಿ ಬಹಳ ಸಭೆಗಳವರು (ಅಂದರೆ ಚರ್ಚ್ ಪಂಗಡಗಳವರು) ಇದನ್ನು ಇವತ್ತಿಗೂ ಒಪ್ಪುತ್ತಾರೆ.

ವಿವರಕ್ಕೆ ಬಂದರೆ ದಾರಿ ಬೇರೆ ಬೇರೆ. ಸತ್ತ ಕೂಡಲೇ ಪ್ರತಿಯೊಬ್ಬರಿಗೂ ಒಂದು ತೀರ್ಪು, ಲೋಕದ ಕೊನೆಗೆ ಎಲ್ಲರಿಗೂ ಸೇರಿ ಒಂದು ತೀರ್ಪು, ನಡುವೆ ಉಳಿದ ಪಾಪದ ಕೊಳೆ ಕಳೆಯುವ ಶುದ್ಧೀಕರಣ, ಇದು ಕಥೋಲಿಕ ಬೋಧನೆ. ನವೆಂಬರ್ 2ರಂದು ಅವರು ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚಿ ಸತ್ತವರಿಗಾಗಿ ಪ್ರಾರ್ಥಿಸುವುದು ಇದೇ ನಂಬಿಕೆಯಿಂದ. ಪ್ರಾಟೆಸ್ಟಂಟರು ಶುದ್ಧೀಕರಣ ಸ್ಥಳವನ್ನು ಒಪ್ಪುವುದಿಲ್ಲ. ರಕ್ಷಣೆ ಸಿಗುವುದು ಕೃಪೆಯಿಂದ, ನಂಬಿಕೆಯ ಮೂಲಕ, ಒಳ್ಳೆಯ ಕೆಲಸ ಅದರ ಫಲ ಅನ್ನುತ್ತಾರೆ. ಬೈಬಲ್ಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ 8ರಿಂದ 10ನೇ ವಚನ ಒಟ್ಟಿಗೆ ಓದಿದರೆ ಎರಡೂ ಕಾಣುತ್ತವೆ. ಕೃಪೆಯಿಂದಲೇ ರಕ್ಷಣೆ, ಆದರೆ ನಮ್ಮನ್ನು ನಿರ್ಮಿಸಿದ್ದು ಒಳ್ಳೆಯ ಕೆಲಸಕ್ಕಾಗಿ. ಜನ 9ನೇ ವಚನಕ್ಕೇ ನಿಲ್ಲಿಸಿಬಿಡುತ್ತಾರೆ.

ಪ್ರಕಟನೆ ಪುಸ್ತಕದ 20ನೇ ಅಧ್ಯಾಯದಲ್ಲಿ ಒಂದು ದೃಶ್ಯ ಇದೆ. ದೊಡ್ಡ ಬಿಳಿ ಸಿಂಹಾಸನ. ಪುಸ್ತಕಗಳು ತೆರೆಯುತ್ತವೆ. ಒಂದು ಕಡೆ ಜನ ಮಾಡಿದ್ದನ್ನು ಬರೆದ ಪುಸ್ತಕಗಳು, ಇನ್ನೊಂದು ಹೆಸರುಗಳಿರುವ ಜೀವಬಾಧ್ಯರ ಪುಸ್ತಕ. ಅದನ್ನು ಓದುವಾಗೆಲ್ಲ ನನಗೆ ಅಜ್ಜನ ಉದ್ರಿ ಪುಸ್ತಕದ ಎಣ್ಣೆ ಜಿಡ್ಡಿನ ವಾಸನೆ ಬರುತ್ತದೆ.

ಹೆಜ್ಜೆ 1: ಕ್ಯಾಲೆಂಡರ್ ಪಕ್ಕಕ್ಕಿಡಿ

ಲೋಕ ಯಾವತ್ತು ಮುಗಿಯುತ್ತದೆ ಅನ್ನುವ ಲೆಕ್ಕ ಬೇಡ. ಆ ದಿನವಾಗಲಿ ಗಳಿಗೆಯಾಗಲಿ ತಂದೆಗೆ ಬಿಟ್ಟು ಯಾರಿಗೂ ಗೊತ್ತಿಲ್ಲ ಅಂತ ಯೇಸುವೇ ಹೇಳಿದ್ದಾನೆ. ಆದರೂ ಲೆಕ್ಕ ಹಾಕುವವರು ಕಮ್ಮಿಯಾಗಿಲ್ಲ. ಅಮೆರಿಕದ ವಿಲಿಯಂ ಮಿಲ್ಲರ್ ದಾನಿಯೇಲನ ಪುಸ್ತಕದ ಸಂಖ್ಯೆಗಳನ್ನು ಕೂಡಿ ಕಳೆದು ಕ್ರಿಸ್ತನ ಬರುವಿಕೆ ಹತ್ತಿರ ಇದೆ ಅಂತ ಸಾರಿದ. ಅವನ ಹಿಂದಿದ್ದವರು ಕೊನೆಗೆ 1844ರ ಅಕ್ಟೋಬರ್ 22 ಅಂತ ದಿನವನ್ನೇ ಗೊತ್ತುಮಾಡಿಕೊಂಡರು. ಹೊಲದ ಬೆಳೆ ಕೊಯ್ಯದೆ ಬಿಟ್ಟವರೂ ಇದ್ದರು. 23ರ ಬೆಳಿಗ್ಗೆ ಎಂದಿನಂತೆ ಸೂರ್ಯ ಹುಟ್ಟಿದ. ಚರಿತ್ರೆಯಲ್ಲಿ ಅದಕ್ಕೆ 'ಮಹಾ ನಿರಾಶೆ' ಅಂತಲೇ ಹೆಸರು.

ಈ ರೋಗ ಹಳೆಯದು. ಮೊದಲನೇ ಶತಮಾನದಲ್ಲೇ ಪ್ರಭು ಇನ್ನೇನು ಬಂದ ಅಂತ ಗ್ರೀಸಿನ ಥೆಸಲೋನಿಕ ಊರಿನ ಕ್ರೈಸ್ತರಲ್ಲಿ ಗಡಿಬಿಡಿ ಎದ್ದಿತ್ತು. ಅದೇ ಊರಿನಲ್ಲಿ ಕೆಲವರು ಕೆಲಸ ಬಿಟ್ಟು ಅಲೆಯುತ್ತಿದ್ದರು. ಕೆಲಸ ಮಾಡಲು ಮನಸ್ಸಿಲ್ಲದವನು ಊಟವನ್ನೂ ಮಾಡಬಾರದು ಅಂತ ಅಪೊಸ್ತಲ ಪೌಲ ಅವರಿಗೆ ಖಡಕ್ಕಾಗಿ ಬರೆದ.

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ನೋಡಿದವರಿಗೆ ಹದಿನಾರನೇ ಶತಮಾನದ ಎಳೆಯ ಸಂತ ಅಲೋಶಿಯಸ್ ಗೊನ್ಜಾಗನ ಮುಖ ಗೊತ್ತು. ಇಟಲಿಯಿಂದ ಬಂದ ಆಂಟೋನಿಯೋ ಮೊಸ್ಕೇನಿ ಅಲ್ಲಿನ ಗೋಡೆಗಳ ಮೇಲೆ ಅವನ ಬದುಕಿನ ಚಿತ್ರಗಳನ್ನು ಬರೆದಿದ್ದಾರೆ. ಅಲೋಶಿಯಸ್ ಬಗ್ಗೆ ಒಂದು ಕತೆ ಹೇಳುತ್ತಾರೆ. ಗೆಳೆಯರ ಜೊತೆ ಆಡುತ್ತಿದ್ದಾಗ ಯಾರೋ ಕೇಳಿದರಂತೆ, ಇನ್ನೊಂದು ಗಳಿಗೆಯಲ್ಲಿ ಲೋಕ ಮುಗಿಯುತ್ತದೆ ಅಂದರೆ ಏನು ಮಾಡ್ತೀಯ? ಒಬ್ಬ ಗುಡಿಗೆ ಓಡ್ತೀನಿ ಅಂದ. ಇನ್ನೊಬ್ಬ ಫಾದರ್ ಹತ್ತಿರ ಪಾಪನಿವೇದನೆ ಮಾಡ್ತೀನಿ ಅಂದ. ಅಲೋಶಿಯಸ್ ಮಾತ್ರ ಆಟ ಮುಂದುವರಿಸ್ತೀನಿ ಅಂದನಂತೆ. ಆಡುವ ಹೊತ್ತಿಗೆ ಆಡುತ್ತಿದ್ದ, ಬಾಕಿ ಏನೂ ಉಳಿಸಿಕೊಂಡಿರಲಿಲ್ಲ.

ಹಾಗಾಗಿ ಮಾಡಬೇಕಾದ್ದು ಇಷ್ಟು. ಈ ವರ್ಷ ಇಂಥ ತಿಂಗಳು ಕರ್ತನು ಬರುತ್ತಾನೆ ಅನ್ನುವ ಮೆಸೇಜ್ ಬಂದರೆ ಮುಂದಕ್ಕೆ ಕಳಿಸಬೇಡಿ.

ಹೆಜ್ಜೆ 2: ಒಂದೇ ಭಾಗವನ್ನು ಒಂದು ವಾರ ಓದಿ

ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ, 31ರಿಂದ 46ನೇ ವಚನ. ಹದಿನಾರೇ ವಚನ. ಕಥೋಲಿಕ ಸಭೆಯಲ್ಲೂ ಅದೇ ರೀತಿಯ ಬೈಬಲ್ ಪಾಠಪಟ್ಟಿ ಇಟ್ಟುಕೊಂಡ ಬೇರೆ ಸಭೆಗಳಲ್ಲೂ ಇದನ್ನು ಮೂರು ವರ್ಷಕ್ಕೊಮ್ಮೆ ಕ್ರಿಸ್ತರಾಜನ ಹಬ್ಬದಂದು ಓದುತ್ತಾರೆ. 1925ರಲ್ಲಿ ಹನ್ನೊಂದನೇ ಪಿಯುಸ್ ಪೋಪ್ ಶುರು ಮಾಡಿದ ಹಬ್ಬ ಅದು. ಆಗಮನ ಕಾಲಕ್ಕೆ ಸರಿಯಾಗಿ ಒಂದು ವಾರ ಮುಂಚೆ ಬರುತ್ತದೆ.

ಕತೆ ಎಲ್ಲರಿಗೂ ಗೊತ್ತು. ಕುರುಬನು ಕುರಿಗಳನ್ನೂ ಆಡುಗಳನ್ನೂ ಬೇರೆ ಮಾಡುವ ಹಾಗೆ ಅರಸನು ಜನರನ್ನು ಬಲಗಡೆ, ಎಡಗಡೆ ಅಂತ ಎರಡು ಗುಂಪು ಮಾಡಿ ಬಲಗಡೆಯವರಿಗೆ ಹೇಳುತ್ತಾನೆ: ಹಸಿದಿದ್ದೆ, ಊಟ ಕೊಟ್ಟಿರಿ. ಬಾಯಾರಿದ್ದೆ, ಕುಡಿಯಲು ಕೊಟ್ಟಿರಿ. ಪರದೇಶಿಯಾಗಿದ್ದೆ, ಸೇರಿಸಿಕೊಂಡಿರಿ. ಬಟ್ಟೆ, ಕಾಯಿಲೆ, ಸೆರೆಮನೆ. ಒಟ್ಟು ಆರು. ಇಂಥವರಿಗೆ ಮಾಡಿದ್ದು ನನಗೇ ಮಾಡಿದ ಹಾಗೆ ಅನ್ನುತ್ತಾನೆ. ಎಡಗಡೆಯವರು ಇದನ್ನು ಮಾಡದೆ ಬಿಟ್ಟವರು.

ಗೊತ್ತಿರುವ ಕತೆ ಅಂತ ಬೇಗ ಓದಿದರೆ ಮೂರು ಸಂಗತಿ ತಪ್ಪಿಹೋಗುತ್ತವೆ. ಒಂದು, ಎಡಗಡೆಯವರೂ ಅರಸನನ್ನು 'ಕರ್ತನೇ' ಅಂತಲೇ ಕರೆಯುತ್ತಾರೆ. ಅಂದರೆ ಇವರು ಹೊರಗಿನವರಲ್ಲ, ಬಾಯಲ್ಲಿ ಹೆಸರಿದ್ದವರು. ಎರಡು, ಎರಡೂ ಕಡೆಯವರಿಗೆ ಆಶ್ಚರ್ಯ. 'ಯಾವಾಗ ನಿನ್ನನ್ನು ನೋಡಿದೆವು?' ಅಂತ ಬಲಗಡೆಯವರೂ ಕೇಳುತ್ತಾರೆ. ಮಾಡಿದ್ದನ್ನು ಅವರು ಬರೆದಿಟ್ಟುಕೊಂಡಿರಲಿಲ್ಲ. ಮೂರು, 34ನೇ ವಚನವನ್ನೂ 41ನೇ ವಚನವನ್ನೂ ಅಕ್ಕಪಕ್ಕ ಇಟ್ಟು ನೋಡಿ. ರಾಜ್ಯ ಸಿದ್ಧವಾಗಿರುವುದು 'ನಿಮಗೋಸ್ಕರ', ಅದೂ ಲೋಕ ಹುಟ್ಟಿದಾಗಿನಿಂದ. ಬೆಂಕಿ ಸಿದ್ಧವಾಗಿರುವುದು ಸೈತಾನನಿಗೂ ಅವನ ದೂತರಿಗೂ. ಮನುಷ್ಯನಿಗಾಗಿ ಅಂತ ಬೆಂಕಿ ಹಚ್ಚಿಟ್ಟಿಲ್ಲ. ಇದು ಗೊತ್ತಾದ ಮೇಲೆ ನನಗೆ ಆ ಅಧ್ಯಾಯದ ಭಯ ಅರ್ಧ ಇಳಿಯಿತು. ಇನ್ನರ್ಧ ಇರಲಿ ಅಂತ ಇಟ್ಟುಕೊಂಡಿದ್ದೇನೆ.

ದಿನಕ್ಕೆ ಒಂದು ಸಲ, ಜೋರಾಗಿ ಓದಿ. ಏಳನೇ ದಿನ ಆರು ಕೆಲಸಗಳಲ್ಲಿ ನಿಮಗೆ ಯಾವುದು ಓದುವಾಗ ಇರಿಸುಮುರಿಸು ಆಗುತ್ತದೋ ಅದರ ಪಕ್ಕ ಪೆನ್ಸಿಲಿನಲ್ಲಿ ಒಂದು ಗೀಟು ಹಾಕಿ. ಹೆಜ್ಜೆ 6ಕ್ಕೆ ಬೇಕಾಗುತ್ತದೆ.

ಹೆಜ್ಜೆ 3: ಬಾಕಿ ಪಟ್ಟಿ ಬರೆಯಿರಿ

ಬಹಳ ಜನ ಇಲ್ಲಿ ಹಾರಿ ನೇರ ದಾನಕ್ಕೆ ಹೋಗುತ್ತಾರೆ. ಅನಾಥಾಶ್ರಮಕ್ಕೆ ಅಕ್ಕಿ ಮೂಟೆ, ಜೊತೆಗೆ ಒಂದು ಫೋಟೊ. ಮನೆ ಕೆಲಸದ ಅಮ್ಮನಿಗೆ ಎರಡು ತಿಂಗಳ ಸಂಬಳ ಬಾಕಿ. ಇದು ಬೈಬಲ್ಲಿನ ಲೆಕ್ಕದಲ್ಲಿ ನಡೆಯುವುದಿಲ್ಲ. ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಉಳಿಯಬಾರದು ಅಂತ ಯಾಜಕಕಾಂಡ 19 ಹೇಳುತ್ತದೆ. ಹೊತ್ತು ಮುಳುಗುವುದಕ್ಕೆ ಮುಂಚೆ ಕೊಡು, ಅವನು ಬಡವ, ಅದನ್ನೇ ನಂಬಿಕೊಂಡಿದ್ದಾನೆ ಅಂತ ಧರ್ಮೋಪದೇಶಕಾಂಡ 24. ಯಾಕೋಬನ ಪತ್ರದಲ್ಲಂತೂ ತಡೆಹಿಡಿದ ಕೂಲಿಯೇ ಬಾಯಿಬಿಟ್ಟು ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬೀಳುತ್ತದೆ.

ಒಂದು ಹಳೆಯ ನೋಟ್‌ಬುಕ್ ತೆಗೆದುಕೊಳ್ಳಿ. ಫೋನಿನಲ್ಲಿ ಬೇಡ, ಕೈಯಲ್ಲಿ ಬರೆದರೆ ಬೇರೆಯೇ ತರ ಚುಚ್ಚುತ್ತದೆ. ಹೆಸರು, ಏನು, ಎಷ್ಟು, ಯಾವಾಗಿನಿಂದ. ಇಷ್ಟೇ ಕಾಲಂ ಸಾಕು.

ದುಡ್ಡಿನಿಂದ ಶುರು ಮಾಡಿ. ಚೌಕಾಶಿ ಮಾಡಿ ಕೊನೆಗೆ ಹಿಡಿದಿಟ್ಟುಕೊಂಡ ನೂರಿನ್ನೂರು. ಸಾಲ ಕೊಟ್ಟ ತಂಗಿ ನಾಚಿಕೆಯಿಂದ ಕೇಳದೆ ಬಿಟ್ಟದ್ದು. ತಪ್ಪಿ ಜಾಸ್ತಿ ಬಂದ ಚಿಲ್ಲರೆ. ಮುಚ್ಚಿಟ್ಟ ತೆರಿಗೆಯನ್ನೂ ಬರೆಯಿರಿ. ತೆರಿಗೆ ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಿಸಿ ಅಂತ ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಅದರ ಮರುವಚನ, ಪ್ರೀತಿಯೊಂದನ್ನು ಬಿಟ್ಟು ಯಾರಿಗೂ ಯಾವ ಸಾಲವನ್ನೂ ಉಳಿಸಿಕೊಳ್ಳಬೇಡಿ ಅನ್ನುತ್ತದೆ.

ಆಮೇಲೆ ವಸ್ತು. ತಂದು ಕೊಡದ ಪಾತ್ರೆ, ಪುಸ್ತಕ, ಡ್ರಿಲ್ಲಿಂಗ್ ಮೆಷಿನ್. ಆಮೇಲೆ ಮಾತು. 'ನಿನ್ನ ಮಗನಿಗೆ ಕೆಲಸದ ವಿಚಾರ ಮಾತಾಡ್ತೀನಿ' ಅಂದು ಮರೆತದ್ದು. ಕೊನೆಗೆ ಹೆಸರು, ಅಂದರೆ ನಮ್ಮ ಬಾಯಿಂದ ಯಾರದ್ದಾದರೂ ಹೆಸರು ಕೆಟ್ಟಿದ್ದರೆ ಅದು. ಜನ ಆಡುವ ಒಂದೊಂದು ಪೊಳ್ಳು ಮಾತಿಗೂ ಲೆಕ್ಕ ಕೊಡಬೇಕು ಅಂತ ಮತ್ತಾಯ 12ರಲ್ಲಿದೆ. ಚರ್ಚ್ ಕಮಿಟಿಯ ವಾಟ್ಸಾಪ್ ಗುಂಪು ಆ ಕಾಲಕ್ಕೆ ಇರಲಿಲ್ಲ ಅನ್ನುವುದು ನಮ್ಮ ಪುಣ್ಯ.

ವ್ಯಾಪಾರ ಮಾಡುವವರಿಗೆ ಒಂದು ಪ್ರತ್ಯೇಕ ಸಾಲು ಇರಲಿ. ಚೀಲದಲ್ಲಿ ದೊಡ್ಡದು ಚಿಕ್ಕದು ಅಂತ ಎರಡು ತರದ ತೂಕದ ಕಲ್ಲು ಇಟ್ಟುಕೊಳ್ಳಬಾರದು ಅಂತ ಧರ್ಮೋಪದೇಶಕಾಂಡ 25 ಹೇಳುತ್ತದೆ. ಕೊಳ್ಳುವಾಗ ಒಂದು ಕಲ್ಲು, ಮಾರುವಾಗ ಇನ್ನೊಂದು. ತಕ್ಕಡಿ ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿಸುತ್ತಿದ್ದವರ ಕತೆ ಅಜ್ಜ ಹೇಳುತ್ತಿದ್ದರು. ಈಗ ತಕ್ಕಡಿ ಎಲೆಕ್ಟ್ರಾನಿಕ್ ಆಗಿದೆ, ಹುಣಸೆಹಣ್ಣು ಬೇರೆ ರೂಪ ತಾಳಿದೆ. ನಿಮ್ಮ ಕೆಲಸದಲ್ಲಿ ಅದು ಎಲ್ಲಿ ಅಂಟಿದೆ ಅಂತ ನಿಮಗೇ ಗೊತ್ತಿರುತ್ತದೆ ಅಲ್ವಾ?

ನನ್ನ ಪಟ್ಟಿಯ ಮೊದಲ ಸಾಲು ಹೀಗಿತ್ತು: 'ಪೇಂಟರ್, ಮನೆ ಬಣ್ಣದ ಕೂಲಿ, 2,000, ಆರು ವರ್ಷದಿಂದ.' ಹಿಂದಿನ ಗೋಡೆಗೆ ಎರಡನೇ ಕೋಟು ಸರಿಯಾಗಿ ಬಂದಿಲ್ಲ ಅಂತ ನೆಪ ಹೇಳಿ ಹಿಡಿದಿಟ್ಟಿದ್ದೆ. ಅವರು ಎರಡು ಸಲ ಬಂದು ಕೇಳಿದರು. ಮೂರನೇ ಸಲ ಬರಲಿಲ್ಲ. ಆ ಗೋಡೆ ಇವತ್ತಿಗೂ ಚೆನ್ನಾಗಿಯೇ ಇದೆ.

ಹೆಜ್ಜೆ 4: ತೀರಿಸಿ, ಸ್ವಲ್ಪ ಮೇಲೆ ಸೇರಿಸಿ

ಜಕ್ಕಾಯನ ಕತೆಯನ್ನು ಮಕ್ಕಳ ಹಾಡಾಗಿಸಿ ನಾವು ಹಾಳು ಮಾಡಿದ್ದೇವೆ. ಕುಳ್ಳ ಮನುಷ್ಯ, ಮರ ಹತ್ತಿದ, ಮುಗಿಯಿತು. ಲೂಕ 19ರಲ್ಲಿ ಅವನು ಯೆರಿಕೋ ಊರಿನ ಸುಂಕದವರಿಗೆ ಮುಖ್ಯಸ್ಥ, ಸಿರಿವಂತ. ರೋಮಿನವರ ಪರವಾಗಿ ತನ್ನ ಜನರಿಂದಲೇ ಸುಂಕ ಎತ್ತುವವನು. ಯೇಸು ಮರದ ಕೆಳಗೆ ನಿಂತು 'ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು' ಅಂದ. ಲೆಕ್ಕ ಚುಕ್ತಾ ಮಾಡು, ಆಮೇಲೆ ಬರ್ತೀನಿ ಅನ್ನಲಿಲ್ಲ. ಮೊದಲು ಮನೆಗೆ ಬಂದ. ಕೃಪೆ ಅಂದರೆ ಇದೇ.

ಆಮೇಲೆ ಜಕ್ಕಾಯ ಎದ್ದು ನಿಂತು, ನನ್ನ ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡ್ತೀನಿ ಅಂದ. ಅಲ್ಲಿಗೇ ಕೂತಿದ್ದರೆ ಚಪ್ಪಾಳೆ ಸಿಕ್ಕಿರುತ್ತಿತ್ತು. ಕೂರಲಿಲ್ಲ. ಅನ್ಯಾಯದಿಂದ ಯಾರಿಂದಲಾದರೂ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ. ಈ ಎರಡನೇ ವಾಕ್ಯಕ್ಕೆ ಧೈರ್ಯ ಜಾಸ್ತಿ ಬೇಕು. ಬಡವರಿಗೆ ಕೊಟ್ಟರೆ ಹೆಸರು ಬರುತ್ತದೆ. ಕಿತ್ತುಕೊಂಡವರಿಗೆ ವಾಪಸ್ ಕೊಟ್ಟರೆ ಕಿತ್ತುಕೊಂಡದ್ದನ್ನು ಒಪ್ಪಿಕೊಂಡ ಹಾಗೆ.

ನಾಲ್ಕರಷ್ಟು ಅನ್ನುವುದು ಎಲ್ಲಿಂದ ಬಂತು? ಕದ್ದ ಕುರಿಯನ್ನು ಕೊಯ್ದರೆ ಅಥವಾ ಮಾರಿದರೆ ಒಂದಕ್ಕೆ ನಾಲ್ಕು ಕೊಡಬೇಕು ಅನ್ನುವ ನಿಯಮ ವಿಮೋಚನಕಾಂಡ 22ರಲ್ಲಿದೆ. ತಾನಾಗಿ ತಪ್ಪು ಒಪ್ಪಿಕೊಂಡು ಬಂದವನಿಗೆ ಅರಣ್ಯಕಾಂಡ 5ರಲ್ಲಿ ಹಗುರ ನಿಯಮ ಇದೆ: ಪೂರ್ತಿ ಮೊತ್ತ, ಮೇಲೆ ಐದರಲ್ಲಿ ಒಂದು ಪಾಲು. ಜಕ್ಕಾಯ ಹಗುರದ್ದು ಬಿಟ್ಟು ಭಾರದ್ದನ್ನು ಹೊತ್ತುಕೊಂಡ. ಇವತ್ತಿನ ಕ್ರೈಸ್ತರಿಗೆ ಈ ಲೆಕ್ಕ ಕಡ್ಡಾಯ ಅಂತ ನನಗೆ ಗೊತ್ತಿರುವ ಯಾವ ಸಭೆಯೂ ಹೇಳುವುದಿಲ್ಲ. ನಾನು ಐದರಲ್ಲೊಂದು ಪಾಲನ್ನು ಹಿಡಿದುಕೊಂಡೆ. ಆರು ವರ್ಷದಲ್ಲಿ ದುಡ್ಡಿನ ಬೆಲೆಯೂ ಇಳಿದಿದೆಯಲ್ಲ. 2,000ಕ್ಕೆ 400 ಸೇರಿಸಿ 2,400.

ತೀರಿಸುವಾಗ ಕೆಲವು ಸಂಗತಿ ನೆನಪಿರಲಿ.

ಚಿಕ್ಕ ಮೊತ್ತದಿಂದ ಶುರು ಮಾಡಿ, ವಾರಕ್ಕೆ ಒಂದೆರಡು. ದೊಡ್ಡ ಸಾಲ ಒಮ್ಮೆಗೇ ಆಗದಿದ್ದರೆ ತಿಂಗಳಿಗೆ ಇಷ್ಟು ಅಂತ ಅವರಿಗೇ ಹೋಗಿ ಹೇಳಿ. ತಲೆ ತಪ್ಪಿಸಿಕೊಂಡು ತಿರುಗುವುದು ನಿಂತರೇ ಅರ್ಧ ಸಾಲ ತೀರಿದ ಹಾಗೆ.

ಆ ವ್ಯಕ್ತಿ ತೀರಿಹೋಗಿದ್ದರೆ ಅವರ ಹೆಂಡತಿಗೋ ಮಕ್ಕಳಿಗೋ ಕೊಡಿ. ಯಾರೂ ಸಿಗಲೇ ಇಲ್ಲವೆಂದರೆ ಮಾತ್ರ ಬಡವರಿಗೆ. ಹುಡುಕುವ ಕಷ್ಟ ತಪ್ಪಿಸಿಕೊಳ್ಳಲು ನೇರ ಕಾಣಿಕೆ ಡಬ್ಬಿಗೆ ಹಾಕಬೇಡಿ. ಡಬ್ಬಿಗೆ ಹಾಕುವುದು ಸುಲಭ, ಅದಕ್ಕೇ ಹೇಳುತ್ತಿದ್ದೇನೆ.

ಹೆಸರು ಕೆಡಿಸಿದ್ದರೆ, ಎಲ್ಲಿ ಕೆಡಿಸಿದಿರೋ ಅಲ್ಲೇ ಸರಿಮಾಡಿ. ಐದು ಜನರ ಮುಂದೆ ಆಡಿದ ಮಾತಿಗೆ ಒಬ್ಬರ ಕಿವಿಯಲ್ಲಿ ಕ್ಷಮೆ ಕೇಳಿದರೆ ನಾಲ್ಕು ಜನರ ತಲೆಯಲ್ಲಿ ಆ ಮಾತು ಹಾಗೇ ಉಳಿಯುತ್ತದೆ.

ಹೆಜ್ಜೆ 5: ಮಾತು ಬಿಟ್ಟವರ ಮನೆಗೆ ಹೋಗಿ

ಕಾಣಿಕೆ ತಂದು ಯಜ್ಞವೇದಿಯ ಹತ್ತಿರ ನಿಂತಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು. ಮತ್ತಾಯ 5ನೇ ಅಧ್ಯಾಯ. ಗಮನಿಸಿ, ನಿನಗೆ ಅವನ ಮೇಲೆ ಸಿಟ್ಟಿದ್ದರೆ ಅನ್ನುತ್ತಿಲ್ಲ. ಅವನಿಗೆ ನಿನ್ನ ಮೇಲೆ ಇದ್ದರೆ.

ಹೊಸ ವರ್ಷಕ್ಕೆ ಎಲ್ಲರಿಗೂ ಒಂದೇ ಮೆಸೇಜ್ ಹೋಗುತ್ತದೆ. 'ತಿಳಿದೋ ತಿಳಿಯದೆಯೋ ತಪ್ಪು ಮಾಡಿದ್ದರೆ ಕ್ಷಮಿಸಿ.' ಇದು ಕ್ಷಮೆ ಕೇಳುವ ರೀತಿಯಲ್ಲ. ತಿಳಿದೇ ಮಾಡಿದ್ದನ್ನು ಹೆಸರಿಟ್ಟು ಹೇಳಬೇಕು: 'ಅಣ್ಣಾ, ಅವತ್ತು ಜಮೀನಿನ ಮಾತಲ್ಲಿ ನಾನು ಸುಳ್ಳು ಹೇಳಿದೆ. ತಪ್ಪು ನನ್ನದು.' ನಿಲ್ಲಿಸಿ. 'ಆದರೆ ನೀನೂ...' ಅನ್ನುವ ಮಾತು ನಾಲಿಗೆ ತುದಿಗೆ ಬಂದೇ ಬರುತ್ತದೆ, ನುಂಗಿಕೊಳ್ಳಿ.

ಅವರು ಒಪ್ಪದಿದ್ದರೆ ಅದು ಅವರಿಗೆ ಬಿಟ್ಟದ್ದು. ಇನ್ನೊಂದು ಮಾತು ಮುಖ್ಯ. ಹೊಡೆತ, ಲೈಂಗಿಕ ದೌರ್ಜನ್ಯ ಅನುಭವಿಸಿದವರನ್ನು 'ಕ್ಷಮಿಸಿ ಒಂದಾಗಿ' ಅಂತ ಒತ್ತಾಯ ಮಾಡಲು ಈ ವಚನವನ್ನು ಬಳಸಬೇಡಿ. ಅಲ್ಲಿ ಹೋಗಬೇಕಾದವನು ತಪ್ಪು ಮಾಡಿದವನು. ಅವನು ಕ್ಷಮೆ ಕೇಳಿದ ಮಾತ್ರಕ್ಕೆ ಪೊಲೀಸ್ ದೂರು ಹಿಂದೆ ತೆಗೆದುಕೊಳ್ಳಬೇಕು ಅಂತ ಸುವಾರ್ತೆಯಲ್ಲಿ ಎಲ್ಲೂ ಇಲ್ಲ.

ಕಥೋಲಿಕರಿಗೆ ಇದರ ಜೊತೆಗೆ ಪಾಪನಿವೇದನೆ ಇದೆ. ವರ್ಷಕ್ಕೆ ಒಮ್ಮೆಯಾದರೂ ಮಾಡಬೇಕು ಅಂತ 1215ರ ನಾಲ್ಕನೇ ಲ್ಯಾಟರನ್ ಸಭೆ ಗೊತ್ತುಮಾಡಿತು. ಬೇರೆಯವರು ಆರಾಧನೆಯಲ್ಲಿ ಎಲ್ಲರ ಜೊತೆ ಪಾಪದ ಅರಿಕೆ ಮಾಡುತ್ತಾರೆ. ಪಾಸ್ಟರ ಹತ್ತಿರ ಒಬ್ಬರೇ ಕೂತು ಮಾತಾಡಲೂ ಅಡ್ಡಿಯಿಲ್ಲ.

ಹೆಜ್ಜೆ 6: ಆರರಲ್ಲಿ ಒಂದನ್ನು ಹಿಡಿಯಿರಿ

ಆರೂ ಒಟ್ಟಿಗೆ ಮಾಡಲು ಹೋದವರು ಒಂದನ್ನೂ ಮಾಡುವುದಿಲ್ಲ. ಪೆನ್ಸಿಲ್ ಗೀಟು ಬಿದ್ದದ್ದನ್ನೇ ಹಿಡಿಯಿರಿ.

ಕಾಯಿಲೆಯವರನ್ನು ನೋಡಲು ಹೋಗುವುದಾದರೆ ಹತ್ತು ನಿಮಿಷ ಸಾಕು. ಪ್ರಾರ್ಥನೆ ಮಾಡಲೇ ಅಂತ ಕೇಳಿ ಮಾಡಿ, ಮೆಲ್ಲಗೆ ಮಾಡಿ, ಪಕ್ಕದ ಹಾಸಿಗೆಯಲ್ಲೂ ನೋವಿನವರು ಇರುತ್ತಾರೆ. ಯಾವ ಪಾಪಕ್ಕೆ ಹೀಗಾಯಿತೋ ಅಂತ ನಿಟ್ಟುಸಿರು ಬಿಡಬೇಡಿ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಅದೇ ಪ್ರಶ್ನೆ ಕೇಳಿ ಯೇಸುವಿನಿಂದ ತಿದ್ದಿಸಿಕೊಂಡರು, ಯೋಹಾನ 9ರಲ್ಲಿ. ರೋಗಿಗಿಂತ ಹೆಚ್ಚಾಗಿ ಜೊತೆಗಿರುವವರಿಗೆ ಊಟ ಬೇಕಿರುತ್ತದೆ. ಒಂದು ಡಬ್ಬಿ ಅನ್ನ ಸಾರು, ಅವರಿಗೆ ಮನೆಗೆ ಹೋಗಿ ಸ್ನಾನ ಮಾಡಿ ಬರಲು ಎರಡು ಗಂಟೆ ಬಿಡುವು. ಆಟ ಮುಂದುವರಿಸ್ತೀನಿ ಅಂದ ಅಲೋಶಿಯಸ್ ಸತ್ತದ್ದು 1591ರಲ್ಲಿ, ರೋಮಿನಲ್ಲಿ ಪ್ಲೇಗಿನ ರೋಗಿಗಳ ಸೇವೆ ಮಾಡುತ್ತಾ ಅಂಟಿದ ಕಾಯಿಲೆಯಿಂದ. ವಯಸ್ಸು ಬರೀ 23.

ಬಟ್ಟೆ ಕೊಡುವುದಾದರೆ ಒಗೆದು, ಗುಂಡಿ ಹೊಲಿದು ಕೊಡಿ. ನಾಲ್ಕನೇ ಶತಮಾನದಲ್ಲಿ ಮಾರ್ಟಿನ್ ಅನ್ನುವ ಸೈನಿಕ ಫ್ರಾನ್ಸಿನ ಆಮಿಯಾ ಪಟ್ಟಣದ ಬಾಗಿಲಲ್ಲಿ ಚಳಿಗೆ ನಡುಗುತ್ತಿದ್ದ ಭಿಕ್ಷುಕನನ್ನು ಕಂಡು, ತಾನು ಹೊದ್ದಿದ್ದ ನಿಲುವಂಗಿಯನ್ನೇ ಕತ್ತಿಯಿಂದ ಎರಡು ಮಾಡಿ ಅರ್ಧ ಕೊಟ್ಟ. ಅದೇ ರಾತ್ರಿ ಕನಸಿನಲ್ಲಿ ಆ ಅರ್ಧವನ್ನು ಕ್ರಿಸ್ತನು ಹೊದ್ದಿದ್ದನಂತೆ. ಮಾರ್ಟಿನ್‌ಗೆ ಆಗಿನ್ನೂ ದೀಕ್ಷಾಸ್ನಾನ ಕೂಡ ಆಗಿರಲಿಲ್ಲ.

ಸೆರೆಮನೆಗೆ ನೇರ ಹೋಗಿ ಒಳಗೆ ಬಿಡಿ ಅಂದರೆ ಬಿಡುವುದಿಲ್ಲ, ಅನುಮತಿ ಬೇಕು. ಆಗಲೇ ಹೋಗಿಬರುತ್ತಿರುವ ತಂಡ ನಿಮ್ಮ ಸಭೆಯಲ್ಲಿದೆಯೇ ಕೇಳಿ. ಇಲ್ಲದಿದ್ದರೆ ನಿಮ್ಮ ಬೀದಿಯಲ್ಲೇ ಅಪ್ಪ ಜೈಲಿನಲ್ಲಿರುವ ಮಕ್ಕಳ ಮನೆ ಇರಬಹುದು. ಆ ಮನೆಗೆ ಯಾರೂ ಹೋಗುವುದಿಲ್ಲ.

ಪರದೇಶಿ ಅಂದರೆ ವೀಸಾ ಇರುವವರು ಅಂತಲೇ ಅಲ್ಲ. ಕೆಲಸ ಹುಡುಕಿಕೊಂಡು ಬೇರೆ ರಾಜ್ಯದಿಂದ ಬಂದು, ಪಕ್ಕದ ಸೈಟಿನಲ್ಲಿ ತಗಡಿನ ಶೆಡ್ ಹಾಕಿಕೊಂಡವರು ಇದ್ದಾರಲ್ಲ, ಅವರು. ಹಸಿವು, ಬಾಯಾರಿಕೆ ಬಗ್ಗೆ ನಾನು ಹೇಳಿಕೊಡಬೇಕಾದ್ದು ಏನೂ ಇಲ್ಲ.

ಮಾಡಿದ್ದನ್ನು ಪುಸ್ತಕದಲ್ಲಿ ಬರೆಯಬೇಡಿ. ಬಾಕಿಯನ್ನು ಬರೆಯಿರಿ, ಇದನ್ನು ಬೇಡ.

ಹೆಜ್ಜೆ 7: ರಾತ್ರಿ ಹತ್ತು ನಿಮಿಷ

ಹದಿನಾರನೇ ಶತಮಾನದ ಸ್ಪೇನಿನ ಸಂತ ಲೊಯೋಲದ ಇಗ್ನೇಷಿಯಸ್ ತನ್ನ ಆಧ್ಯಾತ್ಮಿಕ ಸಾಧನೆಗಳ ಕೈಪಿಡಿಯಲ್ಲಿ ಇದಕ್ಕೊಂದು ಕ್ರಮ ಕೊಟ್ಟಿದ್ದಾನೆ. 1548ರಲ್ಲಿ ಪೋಪರ ಒಪ್ಪಿಗೆಯೊಂದಿಗೆ ಅಚ್ಚಾದ ಪುಸ್ತಕ. ಐದು ಹಂತ: ದಿನಕ್ಕಾಗಿ ಥ್ಯಾಂಕ್ಸ್ ಹೇಳು, ಬೆಳಕು ಕೊಡು ಅಂತ ಕೇಳು, ಬೆಳಗಿನಿಂದ ಗಂಟೆಗಂಟೆಯಾಗಿ ದಿನವನ್ನು ನೆನೆ, ತಪ್ಪಿಗೆ ಕ್ಷಮೆ ಕೇಳು, ನಾಳೆಗೆ ಒಂದು ತೀರ್ಮಾನ ಮಾಡು. ಪ್ರಾಟೆಸ್ಟಂಟರೂ ಇದನ್ನು ಧಾರಾಳವಾಗಿ ಬಳಸುತ್ತಾರೆ.

ಕ್ರಮ ಥ್ಯಾಂಕ್ಸಿನಿಂದ ಶುರುವಾಗುತ್ತದೆ, ತಪ್ಪಿನಿಂದಲ್ಲ. ತಲೆಕೆಳಗು ಮಾಡಬೇಡಿ. ನೆನೆಯುವಾಗ ಮಾಡಿದ್ದನ್ನು ಮಾತ್ರವಲ್ಲ, ಮಾಡದೆ ಬಿಟ್ಟದ್ದನ್ನೂ ನೆನೆಯಬೇಕು. ಮತ್ತಾಯ 25ರ ಎಡಗಡೆಯವರ ಮೇಲೆ ಕೊಲೆ, ಕಳವು ಅಂತ ಒಂದು ಆರೋಪವೂ ಇಲ್ಲ. ಅವರು ಮಾಡಲಿಲ್ಲ, ಅಷ್ಟೇ.

ಈ ಹತ್ತು ನಿಮಿಷದಲ್ಲಿ ಅತ್ತೆ, ಸೊಸೆ, ಪಾಸ್ಟರ್, ಪಕ್ಕದ ಮನೆಯವರ ದಿನವನ್ನು ಪರೀಕ್ಷೆ ಮಾಡುವ ಆಸೆ ಬರುತ್ತದೆ. ನಿನ್ನ ಕಣ್ಣಿನ ತೊಲೆ ಬಿಟ್ಟು ಸಹೋದರನ ಕಣ್ಣಿನ ರವೆ ಯಾಕೆ ನೋಡುತ್ತೀ ಅನ್ನುವ ಯೇಸುವಿನ ಮಾತು ಇದಕ್ಕಾಗಿಯೇ ಇದೆ.

ಹೆಜ್ಜೆ 8: ಭಯ ಜಾಸ್ತಿಯಾದರೆ

ಕೆಲವರಿಗೆ ಇದೆಲ್ಲ ಮೈಗೆ ಹತ್ತಿಬಿಡುತ್ತದೆ. ಕ್ಷಮೆ ಸಿಕ್ಕಿತೋ ಇಲ್ಲವೋ ಅಂತ ಅದೇ ಪಾಪವನ್ನು ಹತ್ತು ಸಲ ಹೇಳುವುದು, ನಿದ್ದೆ ಕೆಡುವುದು. ಮಾರ್ಟಿನ್ ಲೂಥರ್ ಎಳೆಯ ಸನ್ಯಾಸಿಯಾಗಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ತನ್ನ ಗುರು ಸ್ಟೌಪಿಟ್ಸ್‌ಗೆ ಸಾಕುಸಾಕು ಮಾಡುತ್ತಿದ್ದ. 1522ರಲ್ಲಿ ಸ್ಪೇನಿನ ಮನ್ರೇಸದಲ್ಲಿ ಇಗ್ನೇಷಿಯಸ್‌ಗೂ ಇದೇ ಕಾಟ, ಸಾಯುವ ಯೋಚನೆಯ ತನಕ ಹೋಗಿತ್ತು. ಆಮೇಲೆ ಒಬ್ಬ ಪ್ರಾಟೆಸ್ಟಂಟರ ಮೊದಲಿಗ, ಇನ್ನೊಬ್ಬ ಜೆಸ್ವಿಟ್ ಅನ್ನುವ ಕಥೋಲಿಕ ಸಂಘದ ಮೊದಲಿಗ. ಕಾಯಿಲೆ ಮಾತ್ರ ಒಂದೇ.

ನಿಮಗೆ ಹೀಗಾಗುತ್ತಿದ್ದರೆ ಪಟ್ಟಿ ಬರೆಯುವುದನ್ನು ನಿಲ್ಲಿಸಿ. ತಿಳಿವಳಿಕೆ ಇರುವ ಒಬ್ಬ ಫಾದರ್ ಅಥವಾ ಪಾಸ್ಟರಿಗೆ ಹೇಳಿ, ಅವರು ಸಾಕು ಅಂದಲ್ಲಿ ನಿಲ್ಲಿಸಿ. ಡಾಕ್ಟರಿಗೂ ತೋರಿಸಿ. ಅದು ನಂಬಿಕೆ ಕಮ್ಮಿಯಾದದ್ದರ ಗುರುತಲ್ಲ. ಕರುಣೆ ತೀರ್ಪನ್ನು ಗೆಲ್ಲುತ್ತದೆ ಅಂತ ಯಾಕೋಬನ ಪತ್ರದ ಎರಡನೇ ಅಧ್ಯಾಯದಲ್ಲಿ ಬರೆದಿದೆ. ತಡೆದ ಕೂಲಿಯ ಬಗ್ಗೆ ಅಷ್ಟು ಖಾರವಾಗಿ ಬರೆದ ಪತ್ರವೇ ಇದು.

ಪೇಂಟರ್ ವಿಷಯ

ಫೋನ್ ನಂಬರ್ ಬದಲಾಗಿತ್ತು. ಬಣ್ಣ ತಂದ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ, ಅಲ್ಲಿಂದ ಇನ್ನೊಬ್ಬ ಮೇಸ್ತ್ರಿಗೆ ಫೋನ್ ಮಾಡಿ, ಮೂರನೇ ವಾರಕ್ಕೆ ಮನೆ ಸಿಕ್ಕಿತು. ಕವರಿನಲ್ಲಿ 2,400 ಇಟ್ಟುಕೊಂಡು ಹೋದೆ. ಅವರು ಒಂದು ನಿಮಿಷ ನನ್ನ ಮುಖ ನೋಡಿ, "ಓ, ಹಿಂದಿನ ಗೋಡೆ ಸಾರ್" ಅಂದರು.

ತಪ್ಪು ನನ್ನದು ಅಂದೆ. ಗೋಡೆ ಚೆನ್ನಾಗಿದೆ, ಅವತ್ತೂ ಚೆನ್ನಾಗಿತ್ತು ಅಂದೆ. ಕವರ್ ಕೊಟ್ಟೆ. ಅವರು ಎಣಿಸಲಿಲ್ಲ, ಎಷ್ಟಿದೆ ಅಂತ ಕೇಳಿದರು. ಹೇಳಿದೆ.

"ಬಾಕಿ ಎರಡೂವರೆ ಸಾವಿರ ಇತ್ತು ಸಾರ್" ಅಂದರು. ಸಿಟ್ಟಿರಲಿಲ್ಲ. "ಆ ವಾರ ಮಗಳ ಸ್ಕೂಲ್ ಫೀಸು ಕಟ್ಟೋದಿತ್ತು, ಅದಕ್ಕೆ ನೆನಪಿದೆ."

ನನ್ನ ಪುಸ್ತಕದಲ್ಲಿ ಎರಡು ಸಾವಿರ ಅಂತ ಬರೆದಿದ್ದೆ. ಬೇಕಂತ ಬರೆದದ್ದಲ್ಲ. ಕೈ ತಾನಾಗಿಯೇ ಕಮ್ಮಿ ಬರೆದಿತ್ತು. ಎರಡೂವರೆ ಸಾವಿರ, ಅದರ ಐದರಲ್ಲೊಂದು ಐನೂರು, ಒಟ್ಟು ಮೂರು ಸಾವಿರ. ಇನ್ನೂ ಆರುನೂರು ಬೇಕಿತ್ತು, ಜೇಬಿನಲ್ಲಿ ಇರಲಿಲ್ಲ. ಇಲ್ಲಿ ಹತ್ತಿರ ಎಟಿಎಂ ಎಲ್ಲಿದೆ ಅಂತ ಕೇಳಿದೆ. "ದೂರ ಇದೆ ಸಾರ್, ಬನ್ನಿ" ಅಂತ ಅವರೇ ಬೈಕ್ ತೆಗೆದರು.